ಡಿಜಿಟಲ್ ಸ್ವತ್ತು ನಿರ್ವಹಣೆ ಮತ್ತು ಕ್ಲೌಡ್ ಸಂಗ್ರಹಣೆ

ಡಿಜಿಟಲ್ ಸ್ವತ್ತು ನಿರ್ವಹಣಾ ವ್ಯವಸ್ಥೆ ಎಂಬುದು ಸಂಸ್ಥೆಯೊಂದರ ಛಾಯಾಚಿತ್ರ, ವಿಡಿಯೋ, ಧ್ವನಿಮುದ್ರಿಕೆ, ಲಾಂಛನ, ವಿನ್ಯಾಸ, ಪ್ರಕಟಣೆ ಮುಂತಾದ ಕಡತಗಳನ್ನು ಅವುಗಳ ವಿವರಗಳೊಡನೆ ಸಂಗ್ರಹಿಸಿ, ವರ್ಗೀಕರಿಸಿ, ಬಳಕೆಯ ಹಕ್ಕುಗಳನ್ನು ದಾಖಲಿಸಿ, ಬೇಕಾದವರಿಗೆ ಒದಗಿಸುವ ತಂತ್ರಾಂಶವಾಗಿದೆ. ಸಾಧಾರಣ ಕ್ಲೌಡ್ ಸಂಗ್ರಹಣೆ ಎಂಬುದು ಕಡತಗಳನ್ನು ಅಂತರಜಾಲದ ಮೂಲಕ ದೂರದ ಸರ್ವರ್‌ಗಳಲ್ಲಿ ಇರಿಸಿಕೊಳ್ಳಲು ಮತ್ತು ಹಂಚಿಕೊಳ್ಳಲು ಜಾಗ ಒದಗಿಸುವ ಸೇವೆ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಎರಡನೆಯ ಬಗೆಗೆ ಪರಿಚಿತ ಉದಾಹರಣೆಗಳು.

ಎರಡರಲ್ಲಿಯೂ ಕಡತಗಳು ಸಾಮಾನ್ಯವಾಗಿ ದೂರದ ಸರ್ವರ್‌ನಲ್ಲಿಯೇ ಇರುವುದರಿಂದ ಇವನ್ನು ಒಂದೇ ಎಂದು ಭಾವಿಸುವುದುಂಟು. ಆದರೆ ಇವು ಉತ್ತರಿಸುವ ಪ್ರಶ್ನೆಗಳು ಬೇರೆ. ಕಡತ ಎಲ್ಲಿದೆ ಎಂಬುದು ಸಂಗ್ರಹಣಾ ಸೇವೆಯ ಪ್ರಶ್ನೆ. ಕಡತದಲ್ಲಿ ಏನಿದೆ, ಅದನ್ನು ಯಾರು ಯಾವಾಗ ತಯಾರಿಸಿದರು, ಅಂತಿಮ ಆವೃತ್ತಿ ಯಾವುದು, ಅದನ್ನು ಬಳಸುವ ಹಕ್ಕು ಯಾರಿಗಿದೆ ಎಂಬುವು ಸ್ವತ್ತು ನಿರ್ವಹಣೆಯ ಪ್ರಶ್ನೆಗಳು. ಪುಸ್ತಕಗಳನ್ನು ತುಂಬಿಟ್ಟ ಕೊಠಡಿಗೂ ಸೂಚಿಪತ್ರ, ವರ್ಗಸಂಖ್ಯೆ ಮತ್ತು ಎರವಲು ದಾಖಲೆಗಳಿರುವ ಗ್ರಂಥಾಲಯಕ್ಕೂ ಇರುವ ವ್ಯತ್ಯಾಸದಿಂದ ಇದನ್ನು ತಿಳಿಯಬಹುದು.

ಪರಿಕಲ್ಪನೆ

ಸಂಸ್ಥೆಯ ಎಲ್ಲ ಕಡತಗಳೂ ಸ್ವತ್ತುಗಳಲ್ಲ. ಮುಂದೆಯೂ ಉಪಯೋಗಕ್ಕೆ ಬರುವ, ಮೌಲ್ಯವುಳ್ಳ ಮತ್ತು ಅದನ್ನು ಬಳಸುವ ಹಕ್ಕು ಸಂಸ್ಥೆಗೆ ಇರುವ ಕಡತವನ್ನು ಡಿಜಿಟಲ್ ಸ್ವತ್ತು ಎನ್ನಲಾಗುತ್ತದೆ. ಒಂದೇ ಸಮಾರಂಭದ ನೂರಾರು ಚಿತ್ರಗಳಲ್ಲಿ ಆರಿಸಿ, ಶೀರ್ಷಿಕೆ ಬರೆದು, ಅನುಮತಿಯನ್ನು ಖಚಿತಪಡಿಸಿಕೊಂಡ ಹತ್ತು ಚಿತ್ರಗಳು ಸ್ವತ್ತುಗಳು. ಉಳಿದವು ಕೇವಲ ಕಡತಗಳು. ಹಕ್ಕಿನ ವಿವರ ತಿಳಿಯದ ಸುಂದರ ಚಿತ್ರವು ಸಂಸ್ಥೆಗೆ ಸ್ವತ್ತಾಗುವ ಬದಲು ಹೊಣೆಯಾಗಬಹುದು.

ಕಡತದ ಕುರಿತಾದ ವಿವರಗಳನ್ನು ಮೆಟಾಡೇಟಾ ಎಂದು ಕರೆಯಲಾಗುತ್ತದೆ. ಇದನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸುವುದು ವಾಡಿಕೆ. ವಿಷಯ, ವ್ಯಕ್ತಿ, ಸ್ಥಳ, ದಿನಾಂಕಗಳನ್ನು ತಿಳಿಸುವುದು ವಿವರಣಾತ್ಮಕ ಮೆಟಾಡೇಟಾ. ಕಡತದ ನಮೂನೆ, ಗಾತ್ರ, ಕ್ಯಾಮೆರಾದ ಹೊಂದಾಣಿಕೆ ಮುಂತಾದವನ್ನು ತಿಳಿಸುವುದು ತಾಂತ್ರಿಕ ಮೆಟಾಡೇಟಾ. ಹಕ್ಕುದಾರರು, ಪರವಾನಗಿ, ಅವಧಿ, ಅನುಮೋದನೆಗಳನ್ನು ತಿಳಿಸುವುದು ಆಡಳಿತಾತ್ಮಕ ಮೆಟಾಡೇಟಾ. ಕ್ಯಾಮೆರಾ ತಾಂತ್ರಿಕ ವಿವರಗಳನ್ನು ತಾನೇ ಬರೆಯುತ್ತದೆ. ಉಳಿದ ಎರಡನ್ನು ಬಹುಮಟ್ಟಿಗೆ ಮನುಷ್ಯರೇ ಬರೆಯಬೇಕಾಗುತ್ತದೆ.

ಇತಿಹಾಸ

ಸ್ವತ್ತು ನಿರ್ವಹಣೆಯ ಬೇರುಗಳು ಗ್ರಂಥಾಲಯ ಸೂಚೀಕರಣದಲ್ಲಿಯೂ ಪತ್ರಿಕಾ ಕಚೇರಿಗಳ ಚಿತ್ರಸಂಗ್ರಹಗಳಲ್ಲಿಯೂ ಇವೆ. ಮುದ್ರಿತ ಚಿತ್ರದ ಹಿಂಬದಿಯಲ್ಲಿ ಅಂಟಿಸುತ್ತಿದ್ದ ಶೀರ್ಷಿಕೆಯ ಚೀಟಿಯೇ ಇಂದಿನ ಮೆಟಾಡೇಟಾದ ಪೂರ್ವರೂಪ. 1965ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪತ್ರಿಕಾ ದೂರಸಂಪರ್ಕ ಮಂಡಳಿಯು 1990ರ ದಶಕದಲ್ಲಿ ಚಿತ್ರದ ಶೀರ್ಷಿಕೆ, ಛಾಯಾಗ್ರಾಹಕರ ಹೆಸರು, ಸ್ಥಳ, ಹಕ್ಕುಸ್ವಾಮ್ಯ ಮೊದಲಾದವನ್ನು ಕಡತದ ಒಳಗೇ ಬರೆಯುವ ಮಾನಕವನ್ನು ರೂಪಿಸಿತು. ಇದು ಐಪಿಟಿಸಿ ಮಾನಕವೆಂದು ಪ್ರಸಿದ್ಧವಾಗಿದೆ. 1995ರಲ್ಲಿ ಜಪಾನಿನಲ್ಲಿ ಎಕ್ಸಿಫ್ ಮಾನಕ ಬಂದಿತು. ಕ್ಯಾಮೆರಾಗಳು ಚಿತ್ರ ತೆಗೆದ ದಿನ, ಸಮಯ ಮೊದಲಾದವನ್ನು ಬರೆಯುವುದು ಈ ಮಾನಕದಂತೆ.

ಅದೇ 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ನಗರದಲ್ಲಿ ನಡೆದ ಕಾರ್ಯಾಗಾರವು ಡಬ್ಲಿನ್ ಕೋರ್ ಎಂಬ ಮೆಟಾಡೇಟಾ ಪದ್ಧತಿಗೆ ನಾಂದಿಯಾಯಿತು. ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ಹಕ್ಕುಗಳು ಮುಂತಾದ 15 ಮೂಲಾಂಶಗಳ ಈ ಪದ್ಧತಿಯನ್ನು ಗ್ರಂಥಾಲಯಗಳು ಮತ್ತು ಸಂಗ್ರಹಾಲಯಗಳು ವ್ಯಾಪಕವಾಗಿ ಬಳಸುತ್ತವೆ. 2001ರಲ್ಲಿ ಅಡೋಬಿ ಸಂಸ್ಥೆ ಪರಿಚಯಿಸಿದ ಎಕ್ಸ್‌ಎಂಪಿ ಎಂಬ ವಿಧಾನ 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. 2002ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಸೇರಿ ಬಿಡುಗಡೆ ಮಾಡಿದ ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶವು ವಿಶ್ವವಿದ್ಯಾಲಯಗಳ ಪ್ರಬಂಧಸಂಗ್ರಹಗಳಿಗೆ ಆಧಾರವಾಯಿತು. ಭಾರತದ ಸಂಶೋಧನಾ ಪ್ರಬಂಧಗಳ ಭಂಡಾರವಾದ ಶೋಧಗಂಗಾ ಇದನ್ನೇ ಬಳಸಿ ರೂಪುಗೊಂಡಿದೆ. ದತ್ತಿ ಸಂಸ್ಥೆ ಆಕ್ಸ್‌ಫ್ಯಾಮ್‌ನ ಅಗತ್ಯಕ್ಕಾಗಿ ಹುಟ್ಟಿದ ರಿಸೋರ್ಸ್‌ಸ್ಪೇಸ್ ಮತ್ತೊಂದು ಮುಕ್ತ ತಂತ್ರಾಂಶ.

ಕ್ಲೌಡ್ ಸಂಗ್ರಹಣೆಯ ಬೆಳವಣಿಗೆ ಇದಕ್ಕೆ ಸಮಾನಾಂತರವಾಗಿ ನಡೆಯಿತು. ಅಮೆಜಾನ್ ಸಂಸ್ಥೆಯ ಎಸ್3 ಸೇವೆ 2006ರ ಮಾರ್ಚ್‌ನಲ್ಲಿಯೂ, ಡ್ರಾಪ್‌ಬಾಕ್ಸ್ 2008ರಲ್ಲಿಯೂ, ಗೂಗಲ್ ಡ್ರೈವ್ 2012ರ ಏಪ್ರಿಲ್‌ನಲ್ಲಿಯೂ ಸಾರ್ವಜನಿಕರಿಗೆ ದೊರೆತವು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2011ರಲ್ಲಿ ಕ್ಲೌಡ್ ಗಣನೆಗೆ ನೀಡಿದ ವ್ಯಾಖ್ಯೆಯು ಐದು ಲಕ್ಷಣಗಳನ್ನು ಗುರುತಿಸುತ್ತದೆ: ಬೇಕೆಂದಾಗ ತಾವೇ ಪಡೆಯುವ ಅನುಕೂಲ, ಜಾಲದ ಮೂಲಕ ಎಲ್ಲೆಡೆ ಲಭ್ಯತೆ, ಹಲವರಿಗೆ ಸೇರಿ ಸಂಪನ್ಮೂಲದ ಹಂಚಿಕೆ, ಅಗತ್ಯಕ್ಕೆ ತಕ್ಕ ಹಿಗ್ಗುವಿಕೆ ಕುಗ್ಗುವಿಕೆ, ಮತ್ತು ಬಳಕೆಯ ಅಳತೆ. ಈ ಐದರಲ್ಲಿ ಯಾವುದೂ ಕಡತದ ಒಳಗಿನ ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂಬುದು ಗಮನಾರ್ಹ.

ಸಾಧಾರಣ ಕ್ಲೌಡ್ ಸಂಗ್ರಹಣೆಯ ಸ್ವರೂಪ

ಕ್ಲೌಡ್ ಸಂಗ್ರಹಣೆಯು ಕಚೇರಿಯ ಕಪಾಟಿನ ಮಾದರಿಯನ್ನು ಅನುಸರಿಸುತ್ತದೆ. ಫೋಲ್ಡರ್, ಅದರೊಳಗೆ ಮತ್ತೊಂದು ಫೋಲ್ಡರ್, ಅದರೊಳಗೆ ಕಡತ ಎಂಬುದು ಇದರ ರಚನೆ. ಕಡಿಮೆ ವೆಚ್ಚ, ಕಲಿಕೆಯ ಸುಲಭತೆ, ಯಾವ ಸಾಧನದಿಂದಲಾದರೂ ತೆರೆಯುವ ಅನುಕೂಲ, ಒಂದೇ ದಾಖಲೆಯನ್ನು ಹಲವರು ಏಕಕಾಲಕ್ಕೆ ತಿದ್ದುವ ಸೌಲಭ್ಯ ಇದರ ಹೆಚ್ಚುಗಾರಿಕೆಗಳು. ಉಪಕರಣ ಕೆಟ್ಟರೂ ದತ್ತಾಂಶ ಉಳಿಯುವಂತೆ ಸೇವೆಗಳು ಪ್ರತಿಗಳನ್ನು ಇರಿಸುತ್ತವೆ. ಉದಾಹರಣೆಗೆ, ಎಸ್3 ಸೇವೆಯನ್ನು ವರ್ಷಕ್ಕೆ ಶೇ. 99.999999999ರಷ್ಟು ಬಾಳಿಕೆಯ ಗುರಿಯೊಂದಿಗೆ ವಿನ್ಯಾಸಗೊಳಿಸಲಾಗಿದೆ.

ಫೋಲ್ಡರ್ ಪದ್ಧತಿಯ ಮುಖ್ಯ ತೊಡಕೆಂದರೆ ಒಂದು ಕಡತಕ್ಕೆ ಒಂದೇ ನೆಲೆ. ಶಾಲೆಯೊಂದರ 1998ರ ವಾರ್ಷಿಕೋತ್ಸವದಲ್ಲಿ ನಡೆದ ಯಕ್ಷಗಾನದ ಚಿತ್ರವನ್ನು ವರ್ಷದ ಫೋಲ್ಡರಿನಲ್ಲಿ ಇಡಬೇಕೇ, ಕಲಾಪ್ರಕಾರದ ಫೋಲ್ಡರಿನಲ್ಲಿಯೇ, ಪಾತ್ರ ವಹಿಸಿದ ವಿದ್ಯಾರ್ಥಿಗಳ ಹೆಸರಿನಲ್ಲಿಯೇ ಎಂಬುದಕ್ಕೆ ನಿಶ್ಚಿತ ಉತ್ತರವಿಲ್ಲ. ಮೂರು ಕಡೆಯೂ ಇಟ್ಟರೆ ಮೂರು ಪ್ರತಿಗಳಾಗುತ್ತವೆ. ಒಂದನ್ನು ತಿದ್ದಿದರೆ ಉಳಿದವು ಹಳತಾಗುತ್ತವೆ. ಒಂದು ಕಡೆ ಇಟ್ಟರೆ, ಇಟ್ಟವರು ಸಂಸ್ಥೆಯಲ್ಲಿ ಇರುವವರೆಗೆ ಮಾತ್ರ ಅದು ಸುಲಭವಾಗಿ ದೊರೆಯುತ್ತದೆ. ಅವರು ನಿವೃತ್ತರಾದ ನಂತರ ಶತಮಾನೋತ್ಸವದ ಸ್ಮರಣಸಂಚಿಕೆಗೆ ಆ ಚಿತ್ರ ಬೇಕಾದಾಗ, ಕ್ಯಾಮೆರಾ ಅಥವಾ ಸ್ಕ್ಯಾನರ್ ಕೊಟ್ಟ ಅಂಕಿಗಳನ್ನೇ ಹೆಸರಾಗಿ ಹೊತ್ತ ಸಾವಿರಾರು ಕಡತಗಳನ್ನು ಒಂದೊಂದಾಗಿ ತೆರೆದು ನೋಡಬೇಕಾಗುತ್ತದೆ. ಚಿತ್ರ ಸಿಕ್ಕರೂ ಅದರಲ್ಲಿರುವವರು ಯಾರೆಂದು ಹೇಳಬಲ್ಲವರು ಇಲ್ಲದಿರಬಹುದು. ಕಡತ ಉಳಿದು ಅರ್ಥ ಅಳಿಯುವ ಈ ಸ್ಥಿತಿಯೇ ಸ್ವತ್ತು ನಿರ್ವಹಣೆಯ ಅಗತ್ಯವನ್ನು ಎತ್ತಿ ತೋರಿಸುತ್ತದೆ.

ಸ್ವತ್ತು ನಿರ್ವಹಣಾ ವ್ಯವಸ್ಥೆಯ ಕಾರ್ಯಗಳು

ಸೇರ್ಪಡೆ: ಹೊಸ ಕಡತ ಬಂದಾಗ ವ್ಯವಸ್ಥೆಯು ಅದರೊಳಗಿನ ಎಕ್ಸಿಫ್, ಐಪಿಟಿಸಿ ವಿವರಗಳನ್ನು ಓದಿಕೊಳ್ಳುತ್ತದೆ, ನೋಟಕ್ಕೆಂದು ಕಿರುಚಿತ್ರವನ್ನು ಸಿದ್ಧಪಡಿಸುತ್ತದೆ ಮತ್ತು ಕಡ್ಡಾಯ ವಿವರಗಳನ್ನು ತುಂಬುವಂತೆ ಕೇಳುತ್ತದೆ. ಕಡತದ ಪ್ರತಿಯೊಂದು ಬಿಟ್ ಆಧರಿಸಿ ಲೆಕ್ಕಹಾಕುವ ಹ್ಯಾಶ್ ಸಂಖ್ಯೆಯನ್ನೂ ದಾಖಲಿಸಬಹುದು. ಎಸ್‌ಎಚ್‌ಎ-256 ವಿಧಾನದಲ್ಲಿ ಇದು 64 ಅಕ್ಷರಗಳ ಬೆರಳಚ್ಚಿನಂತಿರುತ್ತದೆ. ಕಡತದ ಹೆಸರು ಬದಲಾದರೂ ಹ್ಯಾಶ್ ಬದಲಾಗದು; ಒಳಗಿನ ಒಂದು ಬಿಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆದ್ದರಿಂದ ನಕಲು ಪ್ರತಿಗಳನ್ನೂ ಕೆಟ್ಟುಹೋದ ಕಡತಗಳನ್ನೂ ಇದರಿಂದ ಪತ್ತೆಹಚ್ಚಬಹುದು.

ಹುಡುಕಾಟ: ಕಡತವು ಎಲ್ಲಿ ಕುಳಿತಿದ್ದರೂ ಅದರ ವಿವರಗಳ ಮೂಲಕ ಅದನ್ನು ತಲುಪಬಹುದು. ಯಕ್ಷಗಾನ, 1998, ಪ್ರಾಥಮಿಕ ವಿಭಾಗ, ಮುದ್ರಣಕ್ಕೆ ಯೋಗ್ಯ ಗಾತ್ರ ಎಂಬ ನಾಲ್ಕು ನಿಬಂಧನೆಗಳನ್ನು ಒಟ್ಟಿಗೆ ವಿಧಿಸಲು ಸಾಧ್ಯ. ಒಂದೇ ಕಡತ ಎಷ್ಟು ಸಂಕಲನಗಳಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಪ್ರತಿ ಮಾತ್ರ ಒಂದೇ.

ನಿಯಂತ್ರಿತ ಪದಕೋಶ: ಒಂದೇ ವಿಷಯಕ್ಕೆ ಒಬ್ಬೊಬ್ಬರು ಒಂದೊಂದು ಪದ ಬಳಸಿದರೆ ಹುಡುಕಾಟ ವಿಫಲವಾಗುತ್ತದೆ. ಇದನ್ನು ತಡೆಯಲು ಮೊದಲೇ ಒಪ್ಪಿಕೊಂಡ ಪದಗಳ ಪಟ್ಟಿಯಿಂದಲೇ ವಿಷಯಸೂಚಿಗಳನ್ನು ಆರಿಸುವ ಕ್ರಮವಿದೆ. ಪರ್ಯಾಯ ಹೆಸರುಗಳನ್ನು ಮುಖ್ಯ ಹೆಸರಿಗೆ ಜೋಡಿಸಲಾಗುತ್ತದೆ.

ಆವೃತ್ತಿ ಮತ್ತು ಅನುಮೋದನೆ: ಕರಡು, ತಿದ್ದಿದ ಪ್ರತಿ, ಅಂತಿಮ ಪ್ರತಿಗಳು ಒಂದೇ ದಾಖಲೆಯ ಹಂತಗಳಾಗಿ ಉಳಿಯುತ್ತವೆ. ಅನುಮೋದನೆ ಪಡೆದದ್ದು ಮಾತ್ರ ಇತರರಿಗೆ ಕಾಣುವಂತೆ ಮಾಡಬಹುದು. ಫೋಲ್ಡರುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂತಿಮ, ಅಂತಿಮ-2, ನಿಜವಾದ ಅಂತಿಮ ಎಂಬಂತಹ ಹೆಸರುಗಳ ಗೊಂದಲ ಇದರಿಂದ ತಪ್ಪುತ್ತದೆ.

ಹಕ್ಕುಗಳ ನಿರ್ವಹಣೆ: ಚಿತ್ರದ ಪರವಾನಗಿ ಯಾವ ದಿನ ಮುಗಿಯುತ್ತದೆ, ಯಾವ ಮಾಧ್ಯಮದಲ್ಲಿ ಬಳಸಬಹುದು, ಚಿತ್ರದಲ್ಲಿರುವವರ ಒಪ್ಪಿಗೆ ಪಡೆಯಲಾಗಿದೆಯೇ ಎಂಬ ವಿವರಗಳು ದಾಖಲೆಯೊಡನೆಯೇ ಇರುತ್ತವೆ. ಅವಧಿ ಮುಗಿದ ಚಿತ್ರವನ್ನು ಇಳಿಸಿಕೊಳ್ಳದಂತೆ ತಡೆಯುವ ಸೌಲಭ್ಯವೂ ಹಲವು ವ್ಯವಸ್ಥೆಗಳಲ್ಲಿದೆ.

ವಿತರಣೆ: ಒಂದು ಮೂಲಚಿತ್ರದಿಂದ ಮುದ್ರಣ, ಜಾಲತಾಣ ಮತ್ತು ಮೊಬೈಲ್‌ಗಳಿಗೆ ತಕ್ಕ ಗಾತ್ರದ ಪ್ರತಿಗಳನ್ನು ವ್ಯವಸ್ಥೆಯೇ ಸಿದ್ಧಪಡಿಸಬಲ್ಲದು. ಯಾರು ಯಾವಾಗ ಯಾವುದನ್ನು ಪಡೆದರು ಎಂಬ ದಿನಚರಿಯೂ ಉಳಿಯುತ್ತದೆ.

ಹೋಲಿಕೆ

ಎರಡು ವ್ಯವಸ್ಥೆಗಳ ಮುಖ್ಯ ವ್ಯತ್ಯಾಸಗಳನ್ನು ಹೀಗೆ ಸಂಗ್ರಹಿಸಬಹುದು.

- ಉದ್ದೇಶ: ಕ್ಲೌಡ್ ಸಂಗ್ರಹಣೆಯದು ಇರಿಸುವುದು ಮತ್ತು ಹಂಚುವುದು, ಸ್ವತ್ತು ನಿರ್ವಹಣೆಯದು ಗುರುತಿಸುವುದು ಮತ್ತು ಮರುಬಳಕೆ.
- ರಚನೆ: ಮೊದಲನೆಯದರಲ್ಲಿ ಫೋಲ್ಡರುಗಳ ಶ್ರೇಣಿ, ಎರಡನೆಯದರಲ್ಲಿ ವಿವರಗಳ ದತ್ತಸಂಚಯ.
- ಹುಡುಕಾಟ: ಮೊದಲನೆಯದರಲ್ಲಿ ಹೆಸರು ಮತ್ತು ಪಠ್ಯ; ಎರಡನೆಯದರಲ್ಲಿ ವಿಷಯ, ಕಾಲ, ವ್ಯಕ್ತಿ, ಹಕ್ಕು ಮೊದಲಾದ ಹಲವು ಮಗ್ಗುಲುಗಳು.
- ಪ್ರವೇಶಾಧಿಕಾರ: ಮೊದಲನೆಯದರಲ್ಲಿ ನೋಡುವ ಮತ್ತು ತಿದ್ದುವ ಅನುಮತಿ; ಎರಡನೆಯದರಲ್ಲಿ ಪಾತ್ರ, ಅವಧಿ, ಗಾತ್ರ ಮತ್ತು ಉದ್ದೇಶಕ್ಕೆ ತಕ್ಕ ಅನುಮತಿ.
- ವೆಚ್ಚ: ಮೊದಲನೆಯದರಲ್ಲಿ ಜಾಗಕ್ಕೆ ಅಥವಾ ಬಳಕೆದಾರರ ಸಂಖ್ಯೆಗೆ ತಕ್ಕ ಶುಲ್ಕ, ಎರಡನೆಯದರಲ್ಲಿ ಅದರೊಡನೆ ತಂತ್ರಾಂಶ, ತರಬೇತಿ ಮತ್ತು ವಿವರ ತುಂಬುವವರ ಶ್ರಮದ ವೆಚ್ಚ.
- ಆರಂಭ: ಮೊದಲನೆಯದು ಒಂದೇ ದಿನದಲ್ಲಿ ಬಳಕೆಗೆ ಸಿದ್ಧ, ಎರಡನೆಯದಕ್ಕೆ ಪದಕೋಶ, ನಿಯಮ, ಹಳೆಯ ಕಡತಗಳ ಶೋಧನೆ ಮೊದಲಾದ ಪೂರ್ವಸಿದ್ಧತೆ ಬೇಕು.

ಇವೆರಡರ ಗಡಿ ಕಡಿದಾದುದಲ್ಲ. ಶೇರ್‌ಪಾಯಿಂಟ್‌ನಂತಹ ಸೇವೆಗಳಲ್ಲಿ ಮೆಟಾಡೇಟಾ ಅಂಕಣಗಳನ್ನು ಸೇರಿಸಬಹುದು. ಇನ್ನೊಂದೆಡೆ ಅನೇಕ ಸ್ವತ್ತು ನಿರ್ವಹಣಾ ವ್ಯವಸ್ಥೆಗಳು ತಮ್ಮ ಕಡತಗಳನ್ನು ಎಸ್3 ಬಗೆಯ ಕ್ಲೌಡ್ ಸಂಗ್ರಹದಲ್ಲಿಯೇ ಇರಿಸುತ್ತವೆ. ಅಂದರೆ ಸಂಗ್ರಹಣೆಯು ತಳಪಾಯವಾದರೆ ಸ್ವತ್ತು ನಿರ್ವಹಣೆ ಅದರ ಮೇಲಿನ ಅಂತಸ್ತು. ಸುದ್ದಿವಾಹಿನಿಗಳ ವಿಡಿಯೋ ಸಂಗ್ರಹಕ್ಕೆಂದೇ ಮಾಧ್ಯಮ ಸ್ವತ್ತು ನಿರ್ವಹಣೆ, ಉದ್ಯಮಗಳ ಲಾಂಛನ ಮತ್ತು ಜಾಹೀರಾತುಗಳಿಗೆಂದು ಬ್ರ್ಯಾಂಡ್ ಸ್ವತ್ತು ನಿರ್ವಹಣೆ ಎಂಬ ಉಪಭೇದಗಳೂ ಇವೆ. ಭಾರತದಲ್ಲಿ ಪುಣೆಯ ಸಿ-ಡ್ಯಾಕ್ ರೂಪಿಸಿದ ಜತನ್ ತಂತ್ರಾಂಶವು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಮೊದಲಾದವುಗಳ ಸಂಗ್ರಹಗಳ ಡಿಜಿಟಲ್ ದಾಖಲೀಕರಣಕ್ಕೆ ಬಳಕೆಯಾಗಿದೆ.

ಸಾರ್ವಜನಿಕ ಮಟ್ಟದಲ್ಲಿ 2004ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಉತ್ತಮ ನಿದರ್ಶನ. ಹತ್ತು ಕೋಟಿಗೂ ಹೆಚ್ಚು ಕಡತಗಳಿರುವ ಈ ಭಂಡಾರದಲ್ಲಿ ಪ್ರತಿಯೊಂದು ಕಡತಕ್ಕೂ ಕರ್ತೃ, ಮೂಲ ಮತ್ತು ಪರವಾನಗಿಗಳನ್ನು ತಿಳಿಸಬೇಕಾಗುತ್ತದೆ. ಪರವಾನಗಿ ಸ್ಪಷ್ಟವಿಲ್ಲದ ಚಿತ್ರ ಎಷ್ಟೇ ಉಪಯುಕ್ತವಾಗಿದ್ದರೂ ಅಳಿಸಲ್ಪಡುತ್ತದೆ. 2019ರಿಂದ ಚಿತ್ರದಲ್ಲಿ ಏನಿದೆ ಎಂಬುದನ್ನು ಭಾಷೆಗೆ ಅತೀತವಾದ ದತ್ತಾಂಶದ ರೂಪದಲ್ಲಿ ಗುರುತಿಸುವ ವ್ಯವಸ್ಥೆಯೂ ಅಲ್ಲಿದೆ.

ಹಕ್ಕುಸ್ವಾಮ್ಯ ಮತ್ತು ಖಾಸಗಿತನ

ಭಾರತದ ಹಕ್ಕುಸ್ವಾಮ್ಯ ಕಾಯಿದೆ 1957ರ ಪ್ರಕಾರ ಸಾಹಿತ್ಯ ಮತ್ತು ಕಲಾಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷಗಳವರೆಗೆ ಇರುತ್ತದೆ. ಛಾಯಾಚಿತ್ರಗಳಿಗೆ ಮೊದಲು ಪ್ರಕಟಣೆಯಿಂದ 60 ವರ್ಷ ಎಂಬ ಪ್ರತ್ಯೇಕ ಗಣನೆಯಿತ್ತು. 2012ರ ತಿದ್ದುಪಡಿಯು ಅದನ್ನು ತೆಗೆದುಹಾಕಿದ್ದರಿಂದ ಛಾಯಾಗ್ರಾಹಕರ ಮರಣದ ವರ್ಷವೂ ಮುಖ್ಯವಾಯಿತು. ಹೀಗಾಗಿ ಚಿತ್ರ ತೆಗೆದವರ ಹೆಸರನ್ನು ದಾಖಲಿಸದಿದ್ದರೆ ಹಕ್ಕಿನ ಅವಧಿಯನ್ನು ಲೆಕ್ಕಹಾಕುವುದು ಕಷ್ಟವಾಗುತ್ತದೆ.

ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯಿದೆ ಪರಿಗಣಿಸುತ್ತದೆ. ಹಣ ಕೊಟ್ಟು ಪಡೆದ ಬರಹ ಅಥವಾ ರೇಖಾಚಿತ್ರ ಎಂದೆಂದಿಗೂ ತಮ್ಮದೆಂದು ಭಾವಿಸುವ ಸಂಸ್ಥೆಗಳು ಇದನ್ನು ಗಮನಿಸಬೇಕಾಗುತ್ತದೆ. ಒಪ್ಪಂದ ಪತ್ರವು ಒಂದು ಕಡೆ, ಚಿತ್ರವು ಇನ್ನೊಂದು ಕಡೆ ಇರುವ ಫೋಲ್ಡರ್ ಪದ್ಧತಿಯಲ್ಲಿ ಇಂತಹ ಗಡುವುಗಳು ಕಣ್ತಪ್ಪುವುದು ಸಹಜ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವೈಯಕ್ತಿಕ ದತ್ತಾಂಶದ ಬಳಕೆಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ವಿಧಿಸಲಾಗಿದೆ. ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕೂ ಕಾಯಿದೆಯಲ್ಲಿದೆ. ಒಪ್ಪಿಗೆ ಹಿಂಪಡೆದಾಗ ಆ ವ್ಯಕ್ತಿಯ ಎಲ್ಲ ಚಿತ್ರಗಳನ್ನೂ ಗುರುತಿಸಬೇಕಾದರೆ, ಯಾರು ಯಾವ ಚಿತ್ರದಲ್ಲಿದ್ದಾರೆ ಎಂಬ ದಾಖಲೆ ಮೊದಲೇ ಇರಬೇಕಾಗುತ್ತದೆ. ಮುಖ ಗುರುತಿಸುವ ತಂತ್ರಜ್ಞಾನ ಈ ಕೆಲಸವನ್ನು ಹಗುರಗೊಳಿಸುತ್ತದೆಯಾದರೂ ಅದು ತಾನೇ ಖಾಸಗಿತನದ ಹೊಸ ಪ್ರಶ್ನೆಗಳನ್ನು ಹುಟ್ಟಿಸುತ್ತದೆ.

ಕನ್ನಡ ಸಾಮಗ್ರಿಯ ವಿಶೇಷ ಸಮಸ್ಯೆಗಳು

ಕನ್ನಡದ ದಾಖಲೆಗಳನ್ನು ಹೊಂದಿರುವ ಸಂಸ್ಥೆಗಳಿಗೆ ಲಿಪಿ ಮತ್ತು ಹೆಸರುಗಳಿಗೆ ಸಂಬಂಧಿಸಿದ ಕೆಲವು ತೊಡಕುಗಳಿವೆ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತಾದರೂ, ಮುದ್ರಣ ಮತ್ತು ಕಚೇರಿಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟುಗಳು ಬಹುಕಾಲ ಬಳಕೆಯಲ್ಲಿ ಉಳಿದವು. ಅಂತಹ ಕಡತಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳು. ಯೂನಿಕೋಡ್‌ಗೆ ಪರಿವರ್ತಿಸದೆ ಅವನ್ನು ಕನ್ನಡದಲ್ಲಿ ಹುಡುಕಲಾಗದು. ಯೂನಿಕೋಡಿನಲ್ಲಿಯೂ ‘ೋ’ ಎಂಬ ಒಂದು ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಅಥವಾ ಮೂರು ಸಂಕೇತಗಳ ಜೋಡಣೆಯಾಗಿ ಬರೆಯಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ಈ ರೂಪಗಳನ್ನು ತಂತ್ರಾಂಶವು ಏಕರೂಪಕ್ಕೆ ತಂದುಕೊಳ್ಳದಿದ್ದರೆ ಹುಡುಕಾಟದಲ್ಲಿ ಫಲಿತಾಂಶ ತಪ್ಪುತ್ತದೆ.

ಹೆಸರುಗಳ ಸಮಸ್ಯೆ ಇನ್ನೂ ವ್ಯಾಪಕವಾದುದು. ಕುವೆಂಪು, ಕೆ.ವಿ. ಪುಟ್ಟಪ್ಪ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಮೂರು ಹೆಸರುಗಳು ಒಬ್ಬರನ್ನೇ ಸೂಚಿಸುತ್ತವೆ ಎಂಬುದು ಓದುಗರಿಗೆ ತಿಳಿದಿದ್ದರೂ ಯಂತ್ರಕ್ಕೆ ತಿಳಿಸಿಕೊಡಬೇಕು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಅದಕ್ಕೂ ಹಿಂದಿನ ಚಿತ್ರಗಳಲ್ಲಿ ಗುಲ್ಬರ್ಗ, ಬೆಳಗಾಂ, ಬಿಜಾಪುರ ಎಂದೂ ನಂತರದವುಗಳಲ್ಲಿ ಕಲಬುರಗಿ, ಬೆಳಗಾವಿ, ವಿಜಯಪುರ ಎಂದೂ ಇದ್ದರೆ ಒಂದೇ ಊರಿನ ಸಾಮಗ್ರಿ ಎರಡಾಗಿ ಹಂಚಿಹೋಗುತ್ತದೆ. ದೇವನಹಳ್ಳಿ ತಾಲ್ಲೂಕಿನಲ್ಲಿಯೂ ವಿಜಯಪುರ ಎಂಬ ಪಟ್ಟಣವಿರುವುದರಿಂದ ಎರಡು ಊರುಗಳ ಸಾಮಗ್ರಿ ಒಂದಾಗಿ ಬೆರೆಯುವ ಅಪಾಯವೂ ಇದೆ. ನಿಯಂತ್ರಿತ ಪದಕೋಶದ ಪ್ರಯೋಜನ ಇಂತಹ ಕಡೆಗಳಲ್ಲಿ ಎದ್ದು ಕಾಣುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಮನ್ವಯದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಹಳೆಯ ಪುಸ್ತಕಗಳನ್ನು ಭಾರೀ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಲಾಯಿತು. ಆದರೆ ಕನ್ನಡ ಪುಸ್ತಕಗಳ ಶೀರ್ಷಿಕೆಗಳು ಮತ್ತು ಲೇಖಕರ ಹೆಸರುಗಳು ರೋಮನ್ ಲಿಪಿಯಲ್ಲಿ, ಏಕರೂಪವಿಲ್ಲದ ಕಾಗುಣಿತದಲ್ಲಿ ದಾಖಲಾಗಿದ್ದರಿಂದ, ಪುಸ್ತಕ ಸಂಗ್ರಹದಲ್ಲಿದ್ದರೂ ಓದುಗರಿಗೆ ಸಿಗುವುದು ಕಷ್ಟವಾಯಿತು. ಆ ಶೀರ್ಷಿಕೆಗಳನ್ನು ಕನ್ನಡ ಲಿಪಿಗೆ ತರುವ ಕೆಲಸವನ್ನು ಅನಂತರ ಸ್ವಯಂಸೇವಕರು ಕೈಗೆತ್ತಿಕೊಂಡರು. ಸ್ಕ್ಯಾನ್ ಮಾಡುವುದು ಅರ್ಧ ಕೆಲಸ ಮಾತ್ರ ಎಂಬುದಕ್ಕೆ ಇದು ಕನ್ನಡಿಗರಿಗೆ ಹತ್ತಿರದ ನಿದರ್ಶನ.

ಅಪಾಯಗಳು ಮತ್ತು ಸಂರಕ್ಷಣೆ

ಕ್ಲೌಡ್‌ನಲ್ಲಿ ಇರಿಸಿದ ಮಾತ್ರಕ್ಕೆ ಕಡತ ಶಾಶ್ವತವಾಗುವುದಿಲ್ಲ. ಕಂಪ್ಯೂಟರು ಮತ್ತು ಕ್ಲೌಡ್‌ಗಳನ್ನು ಒಂದೇ ಸ್ಥಿತಿಯಲ್ಲಿ ಇರಿಸುವ ಸೇವೆಯಲ್ಲಿ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದಬುಟ್ಟಿಗೆ ಹೋದ ಕಡತ 30 ದಿನಗಳ ನಂತರ ತಾನಾಗಿ ಅಳಿದುಹೋಗುತ್ತದೆ. ಆದ್ದರಿಂದ ಏಕಕಾಲಿಕ ಜೋಡಣೆಯನ್ನು ಬ್ಯಾಕಪ್ ಎಂದು ಭಾವಿಸುವುದು ತಪ್ಪು.

ನೀತಿಗಳ ಬದಲಾವಣೆಯೂ ಪರಿಣಾಮ ಬೀರುತ್ತದೆ. ಗೂಗಲ್ ಸಂಸ್ಥೆಯು ಶಿಕ್ಷಣ ಸಂಸ್ಥೆಗಳಿಗೆ ನೀಡುತ್ತಿದ್ದ ಮಿತಿಯಿಲ್ಲದ ಉಚಿತ ಜಾಗವನ್ನು ಕೊನೆಗೊಳಿಸುವುದಾಗಿ 2021ರಲ್ಲಿ ಪ್ರಕಟಿಸಿ, ಒಂದು ಸಂಸ್ಥೆಗೆ ಮೂಲತಃ 100 ಟೆರಾಬೈಟ್‌ಗಳ ಸಾಮೂಹಿಕ ಮಿತಿಯನ್ನು ನಿಗದಿಪಡಿಸಿತು. 2023ರ ಡಿಸೆಂಬರ್‌ನಿಂದ, ಎರಡು ವರ್ಷ ಬಳಸದ ವೈಯಕ್ತಿಕ ಗೂಗಲ್ ಖಾತೆಗಳನ್ನು ಅಳಿಸುವ ನೀತಿ ಜಾರಿಗೆ ಬಂದಿತು. ಸಂಸ್ಥೆಯ ದಾಖಲೆಗಳನ್ನು ಸಿಬ್ಬಂದಿಯೊಬ್ಬರ ವೈಯಕ್ತಿಕ ಖಾತೆಯಲ್ಲಿ ಇರಿಸುವ ರೂಢಿಯಿರುವ ಕಡೆ, ಅವರ ನಿವೃತ್ತಿ ಅಥವಾ ಮರಣದ ನಂತರ ಇಡೀ ಸಂಗ್ರಹವೇ ಇಲ್ಲವಾಗಬಹುದು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಕೇಂದ್ರದ ಒಂದು ಕಟ್ಟಡ ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿಗಳನ್ನು ಇರಿಸಿಕೊಳ್ಳದಿದ್ದ ಗ್ರಾಹಕರು ತಮ್ಮ ದತ್ತಾಂಶವನ್ನು ಕಳೆದುಕೊಂಡರು. ಇಂತಹ ನಷ್ಟವನ್ನು ತಪ್ಪಿಸಲು 3-2-1 ಎಂಬ ಸೂತ್ರವನ್ನು ಪಾಲಿಸಲು ಸೂಚಿಸಲಾಗುತ್ತದೆ: ಒಟ್ಟು ಮೂರು ಪ್ರತಿಗಳು, ಎರಡು ಬೇರೆ ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ಸ್ವತ್ತು ನಿರ್ವಹಣೆಯನ್ನು ಕುರಿತು ಗ್ರಂಥ ರಚಿಸಿದ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಅವರಿಂದ ಈ ಸೂತ್ರ ಪ್ರಚಾರಕ್ಕೆ ಬಂದಿತು. ಈ ಸೂತ್ರ ಎರಡೂ ವ್ಯವಸ್ಥೆಗಳಿಗೆ ಅನ್ವಯಿಸುತ್ತದೆ. ಸ್ವತ್ತು ನಿರ್ವಹಣಾ ವ್ಯವಸ್ಥೆಯಲ್ಲಿ ಕಡತಗಳೊಡನೆ ವಿವರಗಳ ದತ್ತಸಂಚಯವನ್ನೂ ಬ್ಯಾಕಪ್ ಮಾಡಬೇಕಾಗುತ್ತದೆ.

ದೀರ್ಘಕಾಲೀನ ಸಂರಕ್ಷಣೆಗೆ ಮುಕ್ತ ಅಥವಾ ಮಾನಕಬದ್ಧ ನಮೂನೆಗಳನ್ನು ಬಳಸುವುದು ಒಳಿತು. ದಾಖಲೆಗಳಿಗೆ 2005ರಲ್ಲಿ ಮಾನಕವಾದ ಪಿಡಿಎಫ್/ಎ, ಚಿತ್ರಗಳಿಗೆ ಟಿಫ್ ಇದಕ್ಕೆ ಉದಾಹರಣೆಗಳು. ವಾಟ್ಸ್‌ಆ್ಯಪ್ ಮೂಲಕ ಚಿತ್ರವಾಗಿ ಕಳುಹಿಸಿದಾಗ ಗಾತ್ರ ಕುಗ್ಗುವುದಲ್ಲದೆ ಒಳಗಿನ ಮೆಟಾಡೇಟಾ ಕೂಡ ಅಳಿದುಹೋಗುವುದರಿಂದ, ಹಾಗೆ ಬಂದ ಚಿತ್ರ ಮೂಲಪ್ರತಿಗೆ ಸಮನಲ್ಲ.

ಮಿತಿಗಳು ಮತ್ತು ವೈಫಲ್ಯಗಳು

ಸ್ವತ್ತು ನಿರ್ವಹಣಾ ವ್ಯವಸ್ಥೆಯನ್ನು ಕೊಂಡ ಮಾತ್ರಕ್ಕೆ ಪ್ರಯೋಜನ ದೊರೆಯುವುದಿಲ್ಲ. ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿಯು ತನ್ನ ವಿಡಿಯೋ ಸಾಮಗ್ರಿಯ ತಯಾರಿಕೆ ಮತ್ತು ಸಂಗ್ರಹವನ್ನು ಟೇಪುಗಳಿಂದ ಬಿಡಿಸಿ ಒಂದೇ ಡಿಜಿಟಲ್ ವ್ಯವಸ್ಥೆಗೆ ತರಲು 2008ರಲ್ಲಿ ಡಿಜಿಟಲ್ ಮೀಡಿಯಾ ಇನಿಷಿಯೇಟಿವ್ ಎಂಬ ಯೋಜನೆಯನ್ನು ಕೈಗೊಂಡಿತು. ಸೀಮೆನ್ಸ್ ಸಂಸ್ಥೆಯೊಂದಿಗಿನ ಗುತ್ತಿಗೆ 2009ರಲ್ಲಿ ಕೊನೆಗೊಂಡು, ಬಿಬಿಸಿಯೇ ಕೆಲಸವನ್ನು ಮುಂದುವರಿಸಿತು. 2013ರ ಮೇ ತಿಂಗಳಿನಲ್ಲಿ ಯೋಜನೆಯನ್ನು ಕೈಬಿಡುವ ವೇಳೆಗೆ 9.84 ಕೋಟಿ ಪೌಂಡುಗಳ ನಷ್ಟವಾಗಿತ್ತು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ 2014ರ ಜನವರಿಯ ವರದಿಯು ಯೋಜನೆಯ ಆಡಳಿತ ಮತ್ತು ಮೇಲ್ವಿಚಾರಣೆಯಲ್ಲಿನ ದೌರ್ಬಲ್ಯಗಳನ್ನು ಎತ್ತಿ ತೋರಿಸಿತು.

ಸಣ್ಣ ಪ್ರಮಾಣದಲ್ಲಿ ಕಾಣುವ ವೈಫಲ್ಯದ ಕಾರಣಗಳು ಸರಳವಾದವು. ತುಂಬಬೇಕಾದ ಅಂಕಣಗಳು ಹೆಚ್ಚಾದಷ್ಟೂ ಸಿಬ್ಬಂದಿ ಅವನ್ನು ಖಾಲಿ ಬಿಡುತ್ತಾರೆ ಅಥವಾ ಅಡ್ಡಾದಿಡ್ಡಿಯಾಗಿ ತುಂಬುತ್ತಾರೆ. ಹೊಣೆ ಹೊತ್ತ ಒಬ್ಬರು ಇಲ್ಲದಿದ್ದರೆ ಪದಕೋಶ ಹಳತಾಗುತ್ತದೆ. ಶೋಧಿಸದೆ ಹಳೆಯ ಕಡತಗಳನ್ನೆಲ್ಲ ತುಂಬಿದರೆ ಹಳೆಯ ಗೊಂದಲವೇ ಹೊಸ ಮನೆಗೆ ಬರುತ್ತದೆ. ಕೃತಕ ಬುದ್ಧಿಮತ್ತೆಯ ಸ್ವಯಂಸೂಚೀಕರಣವು ಚಿತ್ರದಲ್ಲಿ ವೇದಿಕೆ, ಜನರು, ದೀಪ ಇರುವುದನ್ನು ಗುರುತಿಸಬಲ್ಲದು. ಅದು ಯಾವ ಊರಿನ ಯಾವ ಸಮಾರಂಭ ಎಂಬುದನ್ನು ಅಲ್ಲಿದ್ದವರೇ ಹೇಳಬೇಕು. ವಿವರಗಳನ್ನು ಸಾಮಾನ್ಯ ಕೋಷ್ಟಕದ ರೂಪದಲ್ಲಿ ಹೊರತೆಗೆಯಲು ಅವಕಾಶವಿಲ್ಲದ ವ್ಯವಸ್ಥೆಯಲ್ಲಿ, ಮಾರಾಟಗಾರರನ್ನು ಬದಲಾಯಿಸುವಾಗ ವರ್ಷಗಳ ಶ್ರಮ ವ್ಯರ್ಥವಾಗಬಹುದು.

ಆಯ್ಕೆ

ಕೆಲವೇ ಮಂದಿ ಬಳಸುವ, ಮುಖ್ಯವಾಗಿ ಪತ್ರ ಮತ್ತು ಲೆಕ್ಕಪತ್ರಗಳಿರುವ, ಚಿತ್ರಗಳನ್ನು ಅಪರೂಪಕ್ಕೆ ಮರುಬಳಸುವ ಸಂಸ್ಥೆಗೆ ಸಾಧಾರಣ ಕ್ಲೌಡ್ ಸಂಗ್ರಹಣೆ ಸಾಕಾಗುತ್ತದೆ. ಹಲವು ವಿಭಾಗಗಳು ಒಂದೇ ಸಾಮಗ್ರಿಯನ್ನು ಬಳಸುವಾಗ, ಪರವಾನಗಿ ಮತ್ತು ಒಪ್ಪಿಗೆಗಳ ಗಡುವು ಮುಖ್ಯವಾದಾಗ, ಇರುವ ಚಿತ್ರ ಸಿಗದೆ ಮತ್ತೆ ತೆಗೆಸಬೇಕಾಗಿ ಬಂದಾಗ, ಅಥವಾ ಸಂಗ್ರಹಕ್ಕೆ ಐತಿಹಾಸಿಕ ಮೌಲ್ಯವಿರುವಾಗ ಸ್ವತ್ತು ನಿರ್ವಹಣಾ ವ್ಯವಸ್ಥೆಯ ವೆಚ್ಚ ಸಮರ್ಥನೀಯವಾಗುತ್ತದೆ.

ಇವೆರಡರ ನಡುವಿನ ದಾರಿಯೂ ಇದೆ. ಸಂಸ್ಥೆಯ ಹೆಸರಿನ ಖಾತೆಯನ್ನೇ ಬಳಸುವುದು. ಕಡತದ ಹೆಸರನ್ನು ವರ್ಷ-ತಿಂಗಳು-ದಿನ ಮತ್ತು ವಿಷಯದಿಂದ ಆರಂಭಿಸುವುದು. ಚಿತ್ರ, ದಿನಾಂಕ, ಸ್ಥಳ, ಚಿತ್ರದಲ್ಲಿರುವವರು, ತೆಗೆದವರು, ಅನುಮತಿ ಎಂಬ ಆರು ಅಂಕಣಗಳ ಕೋಷ್ಟಕವೊಂದನ್ನು ಇಟ್ಟುಕೊಳ್ಳುವುದು. ಮುಖ್ಯ ಚಿತ್ರಗಳ ಒಳಗೆ ಐಪಿಟಿಸಿ ಶೀರ್ಷಿಕೆಯನ್ನು ಬರೆಯುವುದು. ವರ್ಷಕ್ಕೊಮ್ಮೆ ಪ್ರತ್ಯೇಕ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡುವುದು. ಇಷ್ಟನ್ನು ಪಾಲಿಸಿದ ಸಂಸ್ಥೆ ಮುಂದೆ ಪೂರ್ಣ ವ್ಯವಸ್ಥೆಗೆ ಹೋದಾಗ ಆ ಕೋಷ್ಟಕವನ್ನೇ ನೇರವಾಗಿ ಸೇರಿಸಿಕೊಳ್ಳಬಹುದು. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕಾದುದರಿಂದ, ತಂತ್ರಾಂಶದ ಆಯ್ಕೆಗಿಂತ ಮೊದಲು ವಿವರಗಳ ಸಂಗ್ರಹಕ್ಕೆ ಆದ್ಯತೆ ನೀಡುವುದು ಉಚಿತ.